ವರ್ಷಕ್ಕೊಂದು ಟೂರ್ನಮೆಂಟ್, ಒಂದು ಆರ್ಕೆಸ್ಟ್ರಾ: ಇದರಿಂದ ಬಡಾವಣೆಯ ಆರೋಗ್ಯ ಸುಧಾರಿಸುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆಯ ಒಂದು ಬಡಾವಣೆ. ಲಿಂಗಾಯತರು, ಮುಸ್ಲಿಮರು, ದಲಿತ ಕುಟುಂಬಗಳು, ಬಾಡಿಗೆ ರೂಮಿನ ವಿದ್ಯಾರ್ಥಿಗಳು, ಕಟ್ಟಡ ಕೆಲಸಕ್ಕೆ ಬಂದ ಹೊರರಾಜ್ಯದವರು ಎಲ್ಲ ಇದ್ದೀವಿ. ನಮ್ಮ ಸಂಘ ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಒಂದು ಕ್ರಿಕೆಟ್ ಟೂರ್ನಮೆಂಟ್, ಒಂದು ಆರ್ಕೆಸ್ಟ್ರಾ ಮಾಡುತ್ತದೆ. ಈ ಸಲ ಕೆಲವರು "ಇದೆಲ್ಲ ದಂಡದ ಖರ್ಚು, ಅದೇ ದುಡ್ಡಲ್ಲಿ ಹೆಲ್ತ್ ಕ್ಯಾಂಪ್ ಮಾಡೋಣ" ಅಂತಿದ್ದಾರೆ. ಆಟ, ಹಾಡು, ಕುಣಿತದಿಂದ ಜನರ ಆರೋಗ್ಯ, ನೆಮ್ಮದಿ ನಿಜಕ್ಕೂ ಸುಧಾರಿಸುತ್ತಾ ಸರ್? ಎಲ್ಲರಿಗೂ ಒಂದೇ ಥರ ಆಗುತ್ತಾ?

ಉತ್ತರ: ಸುಧಾರಿಸುತ್ತದೆ. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ನೀವು ಈಗ ನಡೆಸುತ್ತಿರುವ ರೀತಿ ನೋಡಿದರೆ, ಲಾಭದ ದೊಡ್ಡ ಪಾಲು ಈಗಾಗಲೇ ಗಟ್ಟಿಮುಟ್ಟಾಗಿರುವ ಹುಡುಗರಿಗೇ ಹೋಗುತ್ತಿದೆ ಅನಿಸುತ್ತದೆ. ಹಾಗಂತ ಟೂರ್ನಮೆಂಟ್ ನಿಲ್ಲಿಸಿ ಕ್ಯಾಂಪ್ ಮಾಡಿ ಅಂತ ನಾನು ಹೇಳುವುದಿಲ್ಲ. ಯಾವ ಆಟ, ಯಾವ ಹಾಡು ಅನ್ನುವುದಕ್ಕಿಂತ ಅದನ್ನು ಯಾರ ಜೊತೆ, ಯಾವ ಹೊತ್ತಿಗೆ, ಎಷ್ಟು ಸಲ ಮಾಡುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಸಂಘದ ಮೀಟಿಂಗ್‌ನಲ್ಲಿ ನಿಮಗೆ ಉಪಯೋಗಕ್ಕೆ ಬರಬಹುದು.

ಮೊದಲು "ದಂಡದ ಖರ್ಚು" ಅನ್ನುವವರಿಗೆ ಉತ್ತರ. ಇಂಗ್ಲೆಂಡಿನಲ್ಲಿ 50 ದಾಟಿದ ಆರು ಸಾವಿರಕ್ಕೂ ಹೆಚ್ಚು ಜನರನ್ನು 14 ವರ್ಷ ಗಮನಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಟಕ, ಸಂಗೀತ ಕಛೇರಿ, ಮ್ಯೂಸಿಯಂ ಇಂಥದ್ದಕ್ಕೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರು, ಎಂದೂ ಹೋಗದವರಿಗಿಂತ ಆ ಅವಧಿಯಲ್ಲಿ ಸಾಯುವ ಸಂಭವ ಶೇ. 31ರಷ್ಟು ಕಡಿಮೆ ಇತ್ತು. ವರ್ಷಕ್ಕೆ ಒಂದೆರಡು ಸಲ ಹೋದವರಲ್ಲಿ ಶೇ. 14. ದುಡ್ಡು, ಓದು, ಮೊದಲೇ ಇದ್ದ ಕಾಯಿಲೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇಷ್ಟು ವ್ಯತ್ಯಾಸ ಉಳಿಯಿತು. ಅಂದರೆ ನಿಮ್ಮ ಆರ್ಕೆಸ್ಟ್ರಾ ಕೂಡ ಪೂರ್ತಿ ವ್ಯರ್ಥ ಅಲ್ಲ. ಮನೆಯಿಂದ ಹೊರಬಂದು ನಾಲ್ಕು ಜನರ ನಡುವೆ ಕೂರುವುದಕ್ಕೂ ಒಂದು ಬೆಲೆ ಇದೆ.

ಆದರೆ ಈ ಅಂಕಿಯನ್ನು ಮೈಕ್ ಹಿಡಿದು ಹೇಳುವ ಮುಂಚೆ ಒಂದು ಎಚ್ಚರಿಕೆ. ನಾಟಕಕ್ಕೆ ಹೋಗಿದ್ದರಿಂದಲೇ ಆಯುಸ್ಸು ಹೆಚ್ಚಿತು ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆರೋಗ್ಯ ಚೆನ್ನಾಗಿ ಇರುವವರೇ ನಾಟಕಕ್ಕೆ ಹೋಗುತ್ತಾರೆ ಅಂತಲೂ ಇರಬಹುದು, ಅಲ್ವಾ? ಎರಡೂ ಸ್ವಲ್ಪ ಸ್ವಲ್ಪ ನಿಜ ಅನ್ನುವುದು ನನ್ನ ಅಂದಾಜು.

ಆಟದ ವಿಷಯದಲ್ಲೂ ಇಂಥದ್ದೇ ಒಂದು ಸ್ವಾರಸ್ಯದ ಲೆಕ್ಕ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು ಎಂಟೂವರೆ ಸಾವಿರ ಜನರನ್ನು 25 ವರ್ಷದವರೆಗೆ ಗಮನಿಸಿ, 2018ರಲ್ಲಿ ಫಲಿತಾಂಶ ಕೊಟ್ಟರು. ಏನೂ ಆಡದವರಿಗೆ ಹೋಲಿಸಿದರೆ ಟೆನಿಸ್ ಆಡುವವರು 9.7 ವರ್ಷ ಹೆಚ್ಚು ಬದುಕಿದರು. ಬ್ಯಾಡ್ಮಿಂಟನ್ ಆಡುವವರು 6.2, ಫುಟ್‌ಬಾಲ್ ಆಡುವವರು 4.7, ಜಾಗಿಂಗ್ ಮಾಡುವವರು 3.2 ವರ್ಷ. ಜಿಮ್‌ಗೆ ಹೋಗುವವರು? ಬರೀ 1.5 ವರ್ಷ. ಟೆನಿಸ್ ಆಡುವವರು ಸಾಮಾನ್ಯವಾಗಿ ದುಡ್ಡಿದ್ದವರು, ಅದೂ ಇದರಲ್ಲಿ ಸೇರಿದೆ, ಆದ್ದರಿಂದ 9.7 ಅನ್ನುವುದನ್ನು ವೇದವಾಕ್ಯ ಅಂದುಕೊಳ್ಳಬೇಡಿ. ಆದರೆ ಪಟ್ಟಿಯ ಮೇಲ್ಭಾಗದಲ್ಲಿ ಇರುವುದೆಲ್ಲ ಎದುರಿಗೆ ಇನ್ನೊಬ್ಬರು ಬೇಕಾಗುವ ಆಟಗಳು. ಕೆಳಗೆ ಇರುವುದು ಒಬ್ಬರೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾಡುವಂಥವು. ಹೀಗೆ ಇರುವುದಕ್ಕೆ ಕಾರಣ ಇದೆ ಅಂತ ನಾನು ನಂಬುತ್ತೇನೆ.

ಒಟ್ಟಿಗೆ ಮೈ ಆಡಿಸುವುದು ದೇಹಕ್ಕೇ ಬೇರೆ ಥರ ಅನುಭವ. ಆಕ್ಸ್‌ಫರ್ಡ್‌ನಲ್ಲಿ ದೋಣಿ ಹುಟ್ಟು ಹಾಕುವ ಹುಡುಗರನ್ನು ಒಮ್ಮೆ ಒಬ್ಬೊಬ್ಬರೇ, ಒಮ್ಮೆ ತಂಡವಾಗಿ ಅಷ್ಟೇ ಹೊತ್ತು, ಅಷ್ಟೇ ಕಷ್ಟದ ಅಭ್ಯಾಸ ಮಾಡಿಸಿ, ಆಮೇಲೆ ಅವರು ಎಷ್ಟು ನೋವು ತಡೆಯುತ್ತಾರೆ ಅಂತ ನೋಡಿದರು. ತಂಡವಾಗಿ ಮಾಡಿದ ದಿನ ನೋವು ತಡೆಯುವ ಶಕ್ತಿ ಜಾಸ್ತಿ ಇತ್ತು. ದೇಹ ತಾನೇ ತಯಾರಿಸುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಹೆಚ್ಚಾಗಿದ್ದರಿಂದ ಹೀಗಾಗಿರಬೇಕು ಅನ್ನುವುದು ಅವರ ವಿವರಣೆ. ಡೊಳ್ಳು ಕುಣಿತದವರನ್ನು ಕೇಳಿ ನೋಡಿ. ಅಷ್ಟು ಭಾರದ ಡೊಳ್ಳು ಹೆಗಲಿಗೆ ಹಾಕಿಕೊಂಡು ಒಬ್ಬನೇ ಎಷ್ಟು ಹೊತ್ತು ಕುಣಿದಾನು? ಹನ್ನೆರಡು ಜನ ಒಂದೇ ತಾಳಕ್ಕೆ ಬಿದ್ದರೆ ರಾತ್ರಿ ಕಳೆದದ್ದು ಗೊತ್ತಾಗುವುದಿಲ್ಲ. ಹಾಡಿನ ವಿಷಯವೂ ಹಾಗೇ. ಹೊಸದಾಗಿ ಸೇರಿದ ಜನ ಕರಕುಶಲ ಅಥವಾ ಬರವಣಿಗೆ ತರಗತಿಗಿಂತ ಹಾಡಿನ ತರಗತಿಯಲ್ಲಿ ಬೇಗ ಹತ್ತಿರವಾಗುತ್ತಾರೆ ಅಂತ ಇಂಗ್ಲೆಂಡಿನ ಇನ್ನೊಂದು ಅಧ್ಯಯನ 2015ರಲ್ಲಿ ತೋರಿಸಿತು. ನಮ್ಮ ಭಜನೆ ಮಂಡಳಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಅದೇ ನಿಜವಾದ ಪ್ರಶ್ನೆ.

ಒಂದು ಕೆಲಸ ಮಾಡಿ. ಕಳೆದ ವರ್ಷದ ಟೂರ್ನಮೆಂಟಿನ ಫೋಟೋ ತೆಗೆದು ನೋಡಿ. ಹೆಂಗಸರು ಎಲ್ಲಿದ್ದಾರೆ? ಅರವತ್ತು ದಾಟಿದವರು? ಆ ಕಟ್ಟಡ ಕೆಲಸದವರು? ಹೆಂಗಸರು ಬಹುಶಃ ಊಟದ ಟೇಬಲ್ ಹಿಂದೆ ಇರುತ್ತಾರೆ. ಭಾರತದಲ್ಲಿ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಅಂತ 2022ರ ಲೆಕ್ಕ ಹೇಳುತ್ತದೆ. ಹೆಂಗಸರಲ್ಲಿ ಇದು ಶೇ. 57, ಗಂಡಸರಲ್ಲಿ ಶೇ. 42. ಬೇಕಾದಷ್ಟು ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ. ಮನೆಗೆಲಸವನ್ನೂ ಸೇರಿಸಿ ಅಳೆದ ಮೇಲೂ ಈ ಗತಿ. "ಅವರು ದಿನಾ ಮನೆಕೆಲಸ ಮಾಡ್ತಾರಲ್ಲ, ಸಾಕು" ಅನ್ನುವವರು ನಿಮ್ಮ ಸಂಘದಲ್ಲೂ ಇರುತ್ತಾರೆ. ಸಾಕಾಗುತ್ತಿಲ್ಲ. ಅಡುಗೆಮನೆಯಲ್ಲಿ ನಿಂತು ಕಾಲು ನೋಯುತ್ತದೆ, ಹೃದಯಕ್ಕೆ ಕೆಲಸ ಸಿಗುವುದಿಲ್ಲ.

ಹೆಂಗಸರು ಮೈದಾನಕ್ಕೆ ಬರುವುದಿಲ್ಲ ಅಂದರೆ ಅವರಿಗೆ ಆಸಕ್ತಿ ಇಲ್ಲ ಅಂತ ಅರ್ಥ ಮಾಡಬೇಡಿ. ಸಂಜೆ ಆರು ಗಂಟೆ ಅಂದರೆ ಮಕ್ಕಳ ಹೋಂವರ್ಕು, ರಾತ್ರಿ ಅಡುಗೆ. ಮೈದಾನದಲ್ಲಿ ಶೌಚಾಲಯ ಇಲ್ಲ. ಕಾಂಪೌಂಡ್ ಮೇಲೆ ಕೂತು ನೋಡುವ ಹುಡುಗರಿದ್ದಾರೆ. ಸೀರೆ, ಬುರ್ಖಾ ಉಟ್ಟು ಓಡಿದರೆ ನಗುತ್ತಾರೆ ಅನ್ನುವ ಅಳುಕು. ಇದರಲ್ಲಿ ಒಂದಕ್ಕೂ ಕ್ರೀಡೆಯ ಜೊತೆ ಸಂಬಂಧ ಇಲ್ಲ, ಎಲ್ಲ ಏರ್ಪಾಡಿನ ವಿಷಯ. ನಮ್ಮಲ್ಲಿ ಥ್ರೋಬಾಲ್, ಖೋ ಖೋ ಆಡದ ಸರ್ಕಾರಿ ಶಾಲೆಯ ಹುಡುಗಿಯರು ಕಡಿಮೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಬ್ಯಾಟು, ಪ್ಯಾಡು, ಹೆಲ್ಮೆಟ್ಟು ಏನೂ ಬೇಡದ ಆಟ ಅದು. ಮದುವೆಯಾದ ಮೇಲೆ ಅದೇ ಹುಡುಗಿಯರು ಆಡುವುದು ನಿಲ್ಲಿಸುತ್ತಾರೆ, ಯಾಕೆ ಅಂತ ನಾವು ಕೇಳುವುದೂ ಇಲ್ಲ.

ನಿಯಮ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ಯಾರಿಗೆ ಜಾಗ ಅನ್ನುವುದು ನಿಂತಿದೆ. ಅಂಧರ ಕ್ರಿಕೆಟ್ ನೋಡಿದ್ದೀರಾ? ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ 2012ರಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದಿತು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಆಟದಲ್ಲಿ ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಸಣ್ಣ ಬೇರಿಂಗ್ ಗುಂಡುಗಳಿದ್ದು ಉರುಳುವಾಗ ಸದ್ದು ಮಾಡುತ್ತದೆ. ಬೌಲಿಂಗ್ ಅಂಡರ್‌ಆರ್ಮ್. ಹನ್ನೊಂದು ಜನರಲ್ಲಿ ಕನಿಷ್ಠ 4 ಮಂದಿ ಪೂರ್ತಿ ದೃಷ್ಟಿ ಇಲ್ಲದವರು ಇರಲೇಬೇಕು, ಅವರು ಹೊಡೆದ ರನ್ ಎರಡು ಪಟ್ಟು. ಸ್ವಲ್ಪ ಕಾಣುವವರನ್ನೇ ತುಂಬಿಕೊಂಡು ಗೆಲ್ಲೋಣ ಅಂತ ಯಾವ ಕ್ಯಾಪ್ಟನ್ನೂ ಯೋಚಿಸುವ ಹಾಗಿಲ್ಲ. ಕರುಣೆಯಿಂದ ಕೊಟ್ಟ ಜಾಗ ಅಲ್ಲ ಅದು, ಅವರಿಲ್ಲದೆ ಪಂದ್ಯ ಗೆಲ್ಲಲು ಆಗುವುದಿಲ್ಲ. ನಿಮ್ಮ ಟೂರ್ನಮೆಂಟ್‌ನಲ್ಲಿ "ಪ್ರತಿ ತಂಡದಲ್ಲಿ ಇಬ್ಬರು ಹೆಂಗಸರು, 50 ದಾಟಿದ ಒಬ್ಬರು, ಅವರ ರನ್ ಡಬಲ್" ಅಂತ ಒಂದು ನಿಯಮ ಹಾಕಿ ನೋಡಿ. ಮಜಾ ಬರುತ್ತದೆ, ಜಗಳವೂ ಬರುತ್ತದೆ.

ಕೊಡಗಿನವರು ಇದನ್ನು ಇನ್ನೊಂದು ರೀತಿಯಲ್ಲಿ ಸಾಧಿಸಿದ್ದಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಶುರು ಮಾಡಿದಾಗ 60 ಮನೆತನಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನದ ಹೆಸರಿನ ಕಪ್ ನಡೆದಾಗ 360 ಕುಟುಂಬಗಳು, ಆಗ ಅದು ಗಿನ್ನೆಸ್ ದಾಖಲೆಯಾಯಿತು. ತಂಡ ಆಗುವುದು ಮನೆತನದ ಹೆಸರಿನಲ್ಲಿ, ಹಾಗಾಗಿ ಅಜ್ಜ, ಸೊಸೆ, ಕಾಲೇಜು ಹುಡುಗ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವುದು ಅಲ್ಲಿ ಸಾಮಾನ್ಯ. ಬೆಂಗಳೂರು, ದುಬೈಯಲ್ಲಿ ಇರುವವರು ರಜೆ ಹಾಕಿ ಬರುತ್ತಾರೆ. ಗೆಲ್ಲುವ ಆಸೆಗಿಂತ ಜಾಸ್ತಿ, ತನ್ನ ಮನೆತನದ ಹನ್ನೊಂದರಲ್ಲಿ ಒಬ್ಬ ಕಡಿಮೆಯಾಗಬಾರದು ಅನ್ನುವುದಕ್ಕೆ. ನನ್ನನ್ನು ಯಾರೋ ಕಾಯುತ್ತಿದ್ದಾರೆ ಅನ್ನುವ ಈ ಭಾವನೆಯನ್ನು ಮನಸ್ಸಿನ ಆರೋಗ್ಯಕ್ಕೆ ಯಾವ ಮಾತ್ರೆಯೂ ಕೊಡುವುದಿಲ್ಲ.

ಆದರೆ, ಇದು ಒಂದೇ ಜನಾಂಗದ ಒಳಗಿನ ಹಬ್ಬ. ಅದನ್ನು ನೋಡಿ ಕೊಡಗಿನಲ್ಲೇ ಬೇರೆ ಸಮುದಾಯಗಳೂ ತಮ್ಮ ತಮ್ಮ ಕಪ್ ಶುರು ಮಾಡಿಕೊಂಡಿವೆ. ಸಣ್ಣ ಸಮುದಾಯ ತನ್ನ ಗುರುತು ಉಳಿಸಿಕೊಳ್ಳಲು ಹೀಗೆ ಸೇರುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಿಮ್ಮ ಬಡಾವಣೆಗೆ ಮಾತ್ರ ಈ ಮಾದರಿ ಬೇಡ. ಕೇರಿಗೊಂದು, ಜಾತಿಗೊಂದು ತಂಡ ಮಾಡಿ ಒಬ್ಬರ ಮೇಲೊಬ್ಬರನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ.

ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಒಂದೊಂದು ತಿಂಗಳ ಕ್ರಿಕೆಟ್ ಲೀಗ್‌ಗಳನ್ನು ನಡೆಸಿದರು. ಚೀಟಿ ಎತ್ತಿದ ಹಾಗೆ ಕೆಲವರನ್ನು ಬೇರೆ ಬೇರೆ ಜಾತಿಯವರು ಸೇರಿದ ತಂಡಕ್ಕೆ, ಕೆಲವರನ್ನು ಒಂದೇ ಜಾತಿಯ ತಂಡಕ್ಕೆ ಹಾಕಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವನ ಜೊತೆ ಒಂದೇ ತಂಡದಲ್ಲಿ ಆಡಿದವರಿಗೆ ಆಮೇಲೆ ಬೇರೆ ಜಾತಿಯ ಗೆಳೆಯರು ಜಾಸ್ತಿಯಾದರು, ಆಟಗಾರರನ್ನು ವೋಟು ಹಾಕಿ ಆರಿಸಬೇಕಾದಾಗ ಸ್ವಜಾತಿಯವರ ಕಡೆ ವಾಲುವುದು ಕಮ್ಮಿಯಾಯಿತು. ಬೇರೆ ಜಾತಿಯವರ ವಿರುದ್ಧ ಆಡಿದ್ದರಿಂದ ಆದ ಪರಿಣಾಮ ಹೆಚ್ಚುಕಮ್ಮಿ ಇದಕ್ಕೆ ಉಲ್ಟಾ. ಆಟ ಅದೇ, ಮೈದಾನ ಅದೇ, ತಂಡ ಕಟ್ಟಿದ ರೀತಿ ಮಾತ್ರ ಬೇರೆ. "ಕ್ರೀಡೆ ಎಲ್ಲರನ್ನೂ ಒಂದು ಮಾಡುತ್ತದೆ" ಅಂತ ಉದ್ಘಾಟನಾ ಭಾಷಣ ಮಾಡುವವರೆಲ್ಲ ಇದನ್ನೊಂದು ಸಲ ಓದಬೇಕು.

ಇರಾಕ್‌ನಲ್ಲೂ ಇಂಥದ್ದೇ ನಡೆಯಿತು. ಐಸಿಸ್ ದಾಳಿಯಿಂದ ಮನೆ ಕಳೆದುಕೊಂಡ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಎಂಬ ಸಂಶೋಧಕಿ ಗಮನಿಸಿದರು. ಹಾಗೆ ಆಡಿದ ಕ್ರೈಸ್ತರು ತಿಂಗಳುಗಟ್ಟಲೆ ಆದಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮುಂದುವರಿಸುವುದು ಹೆಚ್ಚಿತ್ತು. ಆದರೆ ಮೈದಾನದ ಹೊರಗೆ, ಗುರುತಿಲ್ಲದ ಮುಸ್ಲಿಮರ ಬಗ್ಗೆ ನಡವಳಿಕೆ ಅಷ್ಟೇನೂ ಬದಲಾಗಲಿಲ್ಲ. ಇದನ್ನೂ ನೆನಪಿಡಿ. ಒಂದು ಟೂರ್ನಮೆಂಟಿನಿಂದ ಊರಿನ ಕೋಮು ಜಗಳ ಬಗೆಹರಿಯುವುದಿಲ್ಲ. ಪಕ್ಕದ ಬೀದಿಯ ಒಬ್ಬ ಅಫ್ಜಲ್, ಒಬ್ಬ ಬಸವರಾಜ ಗೆಳೆಯರಾದರೆ ಅಷ್ಟೇ ಲಾಭ ಅಂದುಕೊಳ್ಳಿ, ಅದೇನು ಕಡಿಮೆಯೇ?

ಸಂಸ್ಕೃತಿಯ ಕಡೆ ನಮ್ಮ ಉತ್ತರ ಕರ್ನಾಟಕದವರಿಗೆ ಇದು ಹೊಸದೇನೂ ಅಲ್ಲ. ಮೊಹರಂನಲ್ಲಿ ರಿವಾಯತ್ ಪದ ಹಾಡುವವರು, ಹೆಜ್ಜೆ ಹಾಕುವವರು, ಅಲಾಯಿ ದೇವರಿಗೆ ಹರಕೆ ಹೊರುವವರು ಎಲ್ಲ ಜಾತಿಯವರೂ ಇರುತ್ತಾರೆ. ಮುಸ್ಲಿಂ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಬ್ಬ ನಡೆಯುತ್ತದೆ. ಇಲ್ಲಿ ಪ್ರೇಕ್ಷಕರು ಬೇರೆ, ಕಲಾವಿದರು ಬೇರೆ ಅಂತಿಲ್ಲ. ಆರ್ಕೆಸ್ಟ್ರಾದಲ್ಲಿ ದುಡ್ಡು ಕೊಟ್ಟು ಕರೆಸಿದ ಹಾಡುಗಾರ ಹಾಡುತ್ತಾನೆ, ನಾವು ಕುರ್ಚಿ ಮೇಲೆ ಕೂತು ಫೋನಲ್ಲಿ ವಿಡಿಯೋ ಮಾಡುತ್ತೇವೆ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇನ್ನು, ಮನೆಯವರೇ ಹೊರಹಾಕಿದವರಿಗೆ ಕಲೆ ಏನು ಮಾಡಬಲ್ಲದು ಅನ್ನುವುದಕ್ಕೆ ಮಂಜಮ್ಮ ಜೋಗತಿಯವರ ಬದುಕು ಎಲ್ಲರಿಗೂ ಗೊತ್ತು. ಹೆಣ್ಣಾಗಿ ಬದುಕಲು ಹೊರಟದ್ದಕ್ಕೆ ಮನೆ ಬಿಡಬೇಕಾಗಿ ಬಂತು, ಭಿಕ್ಷೆ ಬೇಡಿದರು, ಜೋಗತಿ ನೃತ್ಯ ಕಲಿತರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರ ಪದ್ಮಶ್ರೀ ಪಡೆದರು. ಜೋಗತಿ ಸಂಪ್ರದಾಯದಲ್ಲಿ ನೋವೂ ಬೇಕಾದಷ್ಟಿದೆ, ಅದನ್ನು ಬರೀ ಸುಂದರ ಅಂತ ಬಣ್ಣಿಸಲಾರೆ. ಆದರೂ ಊರು ಬೇಡ ಅಂದವರಿಗೆ ಆ ಕುಣಿತದ ಮೇಳ ಒಂದು ಮನೆಯಾಗಿತ್ತು ಅನ್ನುವುದು ಸುಳ್ಳಲ್ಲ.

ಎಚ್ಚರಿಕೆಗೆ ಒಂದು ಕತೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನ ಗೊತ್ತಲ್ಲ, ಆಫ್ರಿಕಾ ಮೂಲದವರು, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಂದು ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರು ಮಾಡಿತು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ಹೆಸರು ಮಾಡಿದರು. ಕೆಲವರಿಗೆ ಸರ್ಕಾರಿ ಕೆಲಸ ಸಿಕ್ಕಿತು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಹಾಸ್ಟೆಲ್‌ನಲ್ಲಿದ್ದ ಹುಡುಗರು ಕಾಡಂಚಿನ ಮನೆಗೆ ವಾಪಸ್. ಎಷ್ಟೋ ವರ್ಷಗಳ ನಂತರ ಅದನ್ನು ಮತ್ತೆ ಶುರು ಮಾಡಿದರು. ಪದಕಕ್ಕಾಗಿ ಜನರನ್ನು ಹುಡುಕುವ ಯೋಜನೆ ಬೇರೆ, ಜನರ ನೆಮ್ಮದಿಗಾಗಿ ಆಟ ಇಟ್ಟುಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಆಯ್ಕೆಯಾಗದವನಿಗೆ ಏನೂ ಇಲ್ಲ, ಆಯ್ಕೆಯಾದವನಿಗೂ ಮಧ್ಯದಲ್ಲಿ ನಿಂತರೆ ಮೊದಲಿಗಿಂತ ಬೇಸರ. ಸಿದ್ದಿಯರ ಡಮಾಮಿ ಕುಣಿತ ಮಾತ್ರ ಯಾವ ಕಚೇರಿಯ ಫೈಲೂ ಇಲ್ಲದೆ ನಡೆದುಕೊಂಡು ಬಂದಿದೆ.

ಹಾಗಾದರೆ ನೀವು ಏನು ಮಾಡಬೇಕು? ನನ್ನ ಅಭಿಪ್ರಾಯ ಇದು, ನಿಮ್ಮ ಊರು ನಿಮಗೆ ಗೊತ್ತು, ಬೇಕಾದ್ದು ತೆಗೆದುಕೊಳ್ಳಿ.

ಟೂರ್ನಮೆಂಟ್ ಇರಲಿ. ತಂಡಗಳನ್ನು ಮಾತ್ರ ಚೀಟಿ ಎತ್ತಿ ಮಾಡಿ, ಬೀದಿಗೊಂದು ತಂಡ ಬೇಡ. ಮೊದಲ ವರ್ಷ ಒಳ್ಳೆ ಆಟಗಾರರು ಮುನಿಸಿಕೊಳ್ಳುತ್ತಾರೆ, ತಡೆದುಕೊಳ್ಳಿ. ತಂಡಗಳನ್ನು ಒಂದು ತಿಂಗಳ ಮುಂಚೆಯೇ ಮಾಡಿದರೆ ಅಭ್ಯಾಸದ ನೆಪದಲ್ಲಿ ನಾಲ್ಕು ವಾರ ಒಟ್ಟಿಗೆ ಬರುತ್ತಾರೆ, ಪಂದ್ಯಕ್ಕಿಂತ ಆ ನಾಲ್ಕು ವಾರಗಳೇ ಮುಖ್ಯ. ಬಹುಮಾನದ ದುಡ್ಡು ಕಡಿಮೆ ಇಡಿ. ದೊಡ್ಡ ಮೊತ್ತ ಇಟ್ಟರೆ ಹೊರಗಿನಿಂದ ಆಟಗಾರರನ್ನು ಕರೆಸುತ್ತಾರೆ, ಬಡಾವಣೆಯ ಹುಡುಗ ಮತ್ತೆ ಕಾಂಪೌಂಡ್ ಮೇಲೆ.

ಆರ್ಕೆಸ್ಟ್ರಾ ದುಡ್ಡಿನಲ್ಲಿ ಅರ್ಧ ತೆಗೆದು ವಾರಕ್ಕೆ ಎರಡು ದಿನ ಏನಾದರೂ ನಡೆಸಿ. ಕೋಲಾಟ ಆಗಬಹುದು, ತತ್ವಪದ ಆಗಬಹುದು, ಥ್ರೋಬಾಲ್ ಆಗಬಹುದು. ಯಾವುದು ಅಂತ ನೀವು ನಿರ್ಧರಿಸಬೇಡಿ, ಹೆಂಗಸರನ್ನು ಕೇಳಿ, ಸಮಯವನ್ನೂ ಅವರೇ ಹೇಳಲಿ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಹತ್ತು ಗಂಟೆಗೆ ಅಂದರೆ ಗಂಡಸರಿಗೆ ವಿಚಿತ್ರ ಅನಿಸಬಹುದು, ಆಗಲಿ ಬಿಡಿ. ಸಮುದಾಯ ಭವನದ ಶೌಚಾಲಯದ ಬೀಗ ತೆಗೆಸಿ. ದೇವಸ್ಥಾನದ ಆವರಣದಲ್ಲಿ ಇಟ್ಟರೆ ಕೆಲವರು ಬರುವುದಿಲ್ಲ, ಮಸೀದಿ ಪಕ್ಕ ಇಟ್ಟರೆ ಇನ್ನು ಕೆಲವರು ಬರುವುದಿಲ್ಲ, ಶಾಲೆಯ ಮೈದಾನ ಸಿಕ್ಕರೆ ಒಳ್ಳೆಯದು. ಕಟ್ಟಡ ಕೆಲಸದವರಿಗೆ ಸಾಮಾನ್ಯವಾಗಿ ಬಿಡುವು ಭಾನುವಾರ ಮಾತ್ರ. ಅವರನ್ನು ಬರೀ ಕರೆದರೆ ಬರುವುದಿಲ್ಲ. "ನಿಮ್ಮೂರಿನ ಹಾಡು, ಆಟ ಯಾವುದಿದೆ, ನಮಗೂ ಕಲಿಸಿ" ಅಂತ ಕೇಳಿದರೆ ಬರಬಹುದು.

ಹೆಲ್ತ್ ಕ್ಯಾಂಪ್ ಬೇಕು ಅನ್ನುವವರ ಮಾತನ್ನೂ ತಳ್ಳಿಹಾಕಬೇಡಿ. ಬಿಪಿ, ಶುಗರ್ ಎಷ್ಟೋ ಜನರಿಗೆ ಇದ್ದದ್ದೇ ಗೊತ್ತಿರುವುದಿಲ್ಲ. ಆದರೆ ವರ್ಷಕ್ಕೊಂದು ಕ್ಯಾಂಪ್‌ನಲ್ಲಿ ಚೀಟಿ ಬರೆದುಕೊಟ್ಟರೆ ಅದು ಅಡುಗೆಮನೆ ಡಬ್ಬದಡಿ ಸೇರುತ್ತದೆ. ಕೋಲಾಟ ನಡೆಯುವ ಜಾಗದಲ್ಲೇ ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಬಂದು ಬಿಪಿ ನೋಡುವ ಹಾಗೆ ಮಾತಾಡಿ. ಜನ ಅಲ್ಲಿಗೆ ಹೇಗೂ ಬಂದಿರುತ್ತಾರೆ. ಮಂಡಿ ನೋವು, ಎದೆ ನೋವು ಇದ್ದವರು ಡಾಕ್ಟರನ್ನು ಕೇಳಿಯೇ ಕುಣಿಯಲಿ.

ಕೊನೆಯದಾಗಿ, ಬರುತ್ತಿದ್ದವರು ಯಾರಾದರೂ ಎರಡು ಮೂರು ವಾರ ಕಾಣಿಸದಿದ್ದರೆ ಒಬ್ಬರು ಮನೆಗೆ ಹೋಗಿ ವಿಚಾರಿಸುವ ಏರ್ಪಾಡು ಇಟ್ಟುಕೊಳ್ಳಿ. ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂತ ಯಾರಾದರೂ ಹೇಳಿದರೆ "ಬನ್ನಿ ಆಡೋಣ, ಸರಿಹೋಗುತ್ತೆ" ಅನ್ನಬೇಡಿ. ಅದಕ್ಕೆ ಚಿಕಿತ್ಸೆ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಟೂರ್ನಮೆಂಟಿನ ಬ್ಯಾನರ್ ಮೇಲೆ ಮುಖ್ಯ ಅತಿಥಿಗಳ ಫೋಟೋ ಪಕ್ಕ ದೊಡ್ಡದಾಗಿ ಹಾಕಿಸಿ. ಜಾಗ ಸಾಲದಿದ್ದರೆ ಒಂದಿಬ್ಬರು ಅತಿಥಿಗಳ ಫೋಟೋ ತೆಗೆಸಿ.